ಬೇಸ್ ಗಿಟಾರಿನ ಸದ್ದು ಮಂಕಾಗಿದೆಯಾ? ಹೊಸ ತಂತಿ ಕೊಳ್ಳುವ ಮೊದಲು ನೋಡಬೇಕಾದ್ದು

ಮೊಸರುಕುಡಿಕೆಯ ಕಾರ್ಯಕ್ರಮಗಳು ಮುಗಿದ ಮರುವಾರ ಒಬ್ಬ ಹುಡುಗ ಬೇಸ್ ಗಿಟಾರ್ ಹೆಗಲಿಗೇರಿಸಿಕೊಂಡು ನಮ್ಮ ಮನೆಗೆ ಬಂದ. ರಸಮಂಜರಿ ತಂಡವೊಂದರಲ್ಲಿ ನುಡಿಸುತ್ತಾನೆ. "ಅಣ್ಣಾ, ಸ್ಟೇಜಲ್ಲಿ ನಾನು ಬಾರಿಸಿದ್ದು ಯಾರಿಗೂ ಕೇಳುದೇ ಇಲ್ಲ. ವಾಲ್ಯೂಮ್ ಜಾಸ್ತಿ ಮಾಡಿದ್ರೆ ಬರೀ ದಬದಬ ಅಂತದೆ. ಪಿಕಪ್ ಹೋಗಿರ್ಬೇಕು ಅಂತ ಕಾಣ್ತದೆ. ಹೊಸದು ಹಾಕ್ಸುವಾ ಅಂತ" ಅಂದ.

ನಾನು ಆಂಪ್‌ಗೆ, ಅಂದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ, ಹಾಕದೆ ಸುಮ್ನೆ ಇ ತಂತಿ (ಇ, ಎ, ಡಿ, ಜಿ ಅನ್ನುವ ನಾಲ್ಕರಲ್ಲಿ ಎಲ್ಲಕ್ಕಿಂತ ದಪ್ಪದ್ದು) ಮೀಟಿ ನೋಡಿದೆ. ರಟ್ಟಿನ ಪೆಟ್ಟಿಗೆ ಬಡಿದ ಹಾಗೆ ಕೇಳಿತು. ಕರೆಂಟೇ ಇಲ್ಲದಾಗಲೂ ಸದ್ದು ಹೀಗೆ ಬರುತ್ತಿದ್ದರೆ ಅದರಲ್ಲಿ ತಂತಿಯ ಕಂಪನವನ್ನು ಕರೆಂಟಾಗಿಸುವ ಪಿಕಪ್‌ನ ತಪ್ಪು ಏನಿದೆ? ತಂತಿ ಯಾವಾಗ ಬದಲಾಯಿಸಿದ್ದು ಅಂತ ಕೇಳಿದೆ. "ತಗೊಂಡಾಗ ಇದ್ದದ್ದೇ." ಅಂದರೆ ಎರಡು ವರ್ಷ. ಅದೂ ನಮ್ಮ ಕರಾವಳಿಯ ಸೆಖೆಯಲ್ಲಿ, ಬೆವರಿದ ಕೈಯಲ್ಲಿ.

ಅದಾಗಿ ಸ್ವಲ್ಪ ದಿನಕ್ಕೆ ಇನ್ನೊಬ್ಬರು ಬಂದರು. ಇವರದ್ದು ತಿರುಗಾಮುರುಗಾ. ಮೂರು ತಿಂಗಳಲ್ಲಿ ಮೂರು ಸೆಟ್ ತಂತಿ ಬದಲಾಯಿಸಿದ್ದರು. ಆದರೂ ಒಂದು ನೋಟ್ ಮಾತ್ರ ಹುಟ್ಟಿದ ಕೂಡಲೇ ಸಾಯುತ್ತಿತ್ತು. ಅಲ್ಲಿ ತಂತಿಯದ್ದು ಏನೂ ತಪ್ಪಿರಲಿಲ್ಲ.

ಈ ಎರಡು ಸಂಗತಿ ನೋಡಿದ ಮೇಲೆ ಇದನ್ನು ಬರೆದಿಡಬೇಕು ಅನ್ನಿಸಿತು. ತಂತಿ ಹೋದಾಗ ಗಿಟಾರನ್ನು ಬೈಯುತ್ತೇವೆ. ಗಿಟಾರಿನ ದೋಷಕ್ಕೆ ತಂತಿ ಬಿಚ್ಚಿ ಎಸೆಯುತ್ತೇವೆ. ಇವೆರಡಕ್ಕಿಂತಲೂ ಜಾಸ್ತಿ ನಡೆಯುವುದು ಬೇರೊಂದು: ತಂತಿ ಚೆನ್ನಾಗಿಯೇ ಇರುತ್ತದೆ, ಆದರೆ ಅದು ನಮಗೆ ಬೇಕಾದ ಜಾತಿಯದ್ದಲ್ಲ. ಅದರ ಸ್ವಭಾವವನ್ನೇ ನಾವು ರೋಗ ಅಂದುಕೊಂಡಿರುತ್ತೇವೆ.

ತಂತಿ ಸಾಯುವುದು ಅಂದರೆ ಏನು

ಬೇಸ್ ತಂತಿ ಒಂದೇ ಎಳೆಯಲ್ಲ. ಒಳಗೆ ಉಕ್ಕಿನ ನಡುತಂತಿ ಇರುತ್ತದೆ. ಬಿಗಿತವನ್ನೆಲ್ಲ ಹೊರುವುದು ಅದು. ಅದರ ಮೇಲೆ ಒಂದೋ ಎರಡೋ ಪದರ ಬೇರೆ ತಂತಿ ಸುತ್ತಿರುತ್ತಾರೆ. ಸುತ್ತಿನ ಕೆಲಸ ತೂಕ ಕೊಡುವುದು. ತೂಕ ಇಲ್ಲದೆ ಅಷ್ಟು ಕೆಳಗಿನ ಸ್ವರ ಬರುವುದಿಲ್ಲ. ಹಾಗಂತ ಒಂದೇ ದಪ್ಪ ಸರಿಗೆ ಹಾಕಿದರೆ ಅದು ಸಲಾಕೆಯ ಹಾಗೆ ಬಿರುಸಾಗಿ, ಸರಿಯಾಗಿ ಕಂಪಿಸುವುದೇ ಇಲ್ಲ.

ಇ ತಂತಿಯ ಮೂಲ ಸ್ವರ ಸೆಕೆಂಡಿಗೆ ಸುಮಾರು 41 ಕಂಪನ. ಸಣ್ಣ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ ಅನ್ನಬಹುದು. ಆದರೂ ನಮಗೆ ಇ ಸ್ವರ ಕೇಳುತ್ತದೆ ಅಲ್ವಾ? ಯಾಕೆಂದರೆ ಅದೇ ತಂತಿಯಿಂದ 82, 124, 165, 206 ಹೀಗೆ ಮೇಲಿನ ಸ್ವರಗಳೂ ಜೊತೆಗೇ ಹೊರಡುತ್ತವೆ. ನಮ್ಮ ಕಿವಿ ಅವುಗಳ ಮೇಲಿಂದ ಕೆಳಗಿನ ಸ್ವರವನ್ನು ಗುರುತಿಸುತ್ತದೆ. ಡ್ರಮ್ಸು, ಕೀಬೋರ್ಡು, ಎರಡೆರಡು ಗಿಟಾರು ಒಟ್ಟಿಗೆ ನುಡಿಯುವಾಗ ಬೇಸ್ ಕೇಳಬೇಕಾದರೆ ಈ ಮೇಲಿನ ಸ್ವರಗಳೇ ಗತಿ.

ಬೆವರಿನ ಉಪ್ಪು, ಕೈಯ ಎಣ್ಣೆ, ಚರ್ಮದ ಪುಡಿ ಇವೆಲ್ಲ ಸುತ್ತಿನ ಸಂದಿಗೆ ಇಳಿಯುತ್ತವೆ. ಸುತ್ತುಗಳು ಒಂದರ ಪಕ್ಕ ಒಂದು ಸಲೀಸಾಗಿ ಅಲುಗುವುದು ನಿಲ್ಲುತ್ತದೆ. ಮೊದಲು ಅಡಗುವುದು ಮೇಲಿನ ಸ್ವರಗಳು. ಕೊಳೆ ಎಲ್ಲ ಕಡೆ ಒಂದೇ ಸಮ ಕೂರುವುದೂ ಇಲ್ಲ. ಮೀಟುವ ಜಾಗದಲ್ಲಿ ಜಾಸ್ತಿ, ತಂತಿಯ ಬುಡ ಸಿಕ್ಕಿಸುವ ಬ್ರಿಡ್ಜ್ ಹತ್ತಿರ ಕಡಿಮೆ. ಆಗ ತಂತಿಯ ತೂಕ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ. ಮೇಲಿನ ಸ್ವರಗಳು ಮೂಲ ಸ್ವರಕ್ಕೆ ಹೊಂದದೆ ಅತ್ತಿತ್ತ ಸರಿಯುತ್ತವೆ. ಜೊತೆಗೆ ಫ್ರೆಟ್ಟಿಗೆ, ಅಂದರೆ ನೆಕ್ (ಗಿಟಾರಿನ ಕತ್ತು) ಮೇಲಿನ ಅಡ್ಡ ಲೋಹದ ಪಟ್ಟಿಗೆ, ಒತ್ತಿ ಒತ್ತಿ ತಂತಿಯ ಅಡಿಯಲ್ಲಿ ಸಣ್ಣ ಸಣ್ಣ ತಗ್ಗು ಬೀಳುತ್ತವೆ. ಹೀಗಾಗಿ ಹಳೆ ತಂತಿಗೆ ಮಂಕು ಒಂದೇ ಅಲ್ಲ, ಶ್ರುತಿಯ ತೊಂದರೆಯೂ ಬರುತ್ತದೆ.

ಗಾಂಧಾರದ ಪರೀಕ್ಷೆ

ತಂಬೂರಿಯ ಮಂದ್ರ ಷಡ್ಜ ಮೀಟಿ ಸುಮ್ಮನೆ ಕುಳಿತರೆ ಯಾರೂ ಮೀಟದ ಗಾಂಧಾರ ಅದರೊಳಗಿಂದ ತಾನಾಗಿ ಕೇಳುತ್ತದೆ. ಸಂಗೀತ ಕಲಿತವರು ಅದಕ್ಕೆ ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಬೇಸ್ ತಂತಿಯಲ್ಲೂ ಅದೇ ಗಾಂಧಾರ ಇದೆ. ಮೂಲ ಸ್ವರದ ಐದು ಪಟ್ಟು ಕಂಪನ ಅದು. ತಂತಿ ಬದುಕಿದೆಯಾ ಅಂತ ನೋಡಲು ನನಗೆ ಇದಕ್ಕಿಂತ ನಂಬಿಕಸ್ಥ ದಾರಿ ಬೇರೆ ಸಿಕ್ಕಿಲ್ಲ.

ಆಂಪ್ ಬೇಡ. ಗಿಟಾರಿನ ತಲೆಯ ತುದಿಯನ್ನು ಮರದ ಬೀರುವಿಗೋ ಬಾಗಿಲಿಗೋ ಮೆಲ್ಲ ತಾಗಿಸಿ. ಮರವೇ ಸದ್ದು ದೊಡ್ಡದು ಮಾಡಿಕೊಡುತ್ತದೆ. ಈಗ ಇ ತಂತಿಯ ಹನ್ನೆರಡನೇ ಫ್ರೆಟ್ಟಿನ ನೇರ ಮೇಲೆ ಬೆರಳು ಒತ್ತದೆ ಬರೀ ತಾಗಿಸಿ ಮೀಟಿ, ಕೂಡಲೇ ಬೆರಳು ತೆಗೆಯಿರಿ. ಮೇಲಿನ ಷಡ್ಜ ಕೇಳುತ್ತದೆ. ಏಳನೇ ಫ್ರೆಟ್ಟಿನ ಮೇಲೆ ಹಾಗೇ ಮಾಡಿದರೆ ಪಂಚಮ. ಐದನೆಯದರ ಮೇಲೆ ಇನ್ನೂ ಮೇಲಿನ ಷಡ್ಜ. ಕೊನೆಗೆ ನಾಲ್ಕನೇ ಫ್ರೆಟ್. ಇಲ್ಲಿ ಬೆರಳು ಫ್ರೆಟ್ಟಿನ ನೇರ ಮೇಲೆ ಬೇಡ, ಒಂದಿಷ್ಟೇ ನಟ್ (ತಲೆಯ ಬುಡದಲ್ಲಿ ತಂತಿ ಕೂರುವ ಕಚ್ಚುಪಟ್ಟಿ) ಕಡೆಗೆ ಸರಿಸಿ. ಅಲ್ಲಿ ಸಿಗುವುದೇ ಗಾಂಧಾರ.

ಹೊಸ ರೌಂಡ್‌ವೌಂಡ್ (ದುಂಡು ಸರಿಗೆ ಸುತ್ತಿದ) ತಂತಿಯಲ್ಲಿ ಈ ಗಾಂಧಾರ ಗಂಟೆಯ ಹಾಗೆ ಬರುತ್ತದೆ, ಕೆಲವು ಸೆಕೆಂಡು ನಿಲ್ಲುತ್ತದೆ. ಸಾಯುತ್ತಿರುವ ತಂತಿಯಲ್ಲಿ ಟಿಕ್ ಅಂದು ಹೋಗುತ್ತದೆ. ಪೂರ್ತಿ ಸತ್ತದ್ದರಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಐದನೇ ಫ್ರೆಟ್ಟಿನದ್ದೂ ಸಂಶಯ. ಆ ಹುಡುಗನ ಗಿಟಾರಿನಲ್ಲಿ ಏಳನೇ ಫ್ರೆಟ್ಟಿನ ಪಂಚಮವೇ ಮುಕ್ಕಾಲು ಹೋಗಿತ್ತು.

ಆಮೇಲೆ ಉಗುರಿನ ತುದಿಯನ್ನು ತಂತಿಯ ಅಡಿಭಾಗದಲ್ಲಿ ಉದ್ದಕ್ಕೆ ಎಳೆಯಿರಿ. ಫ್ರೆಟ್ ಇರುವಲ್ಲೆಲ್ಲ ಗಡಕ್ ಗಡಕ್ ಅಂತ ತಗ್ಗು ಸಿಕ್ಕಿದರೆ ಆ ತಂತಿಯನ್ನು ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ಶ್ರುತಿ ತೋರಿಸುವ ಟ್ಯೂನರ್ ಕೂಡ ಒಳ್ಳೇ ಸಾಕ್ಷಿ. ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ (ಒತ್ತದೆ ಬರೀ ತಾಗಿಸಿದಾಗ ಬರುವ ಸ್ವರ) ಮೀಟಿ ನೋಡಿ, ಅದೇ ಫ್ರೆಟ್ ಒತ್ತಿ ಮೀಟಿ ನೋಡಿ. ಎರಡೂ ಒಂದೇ ಕಡೆ ನಿಲ್ಲಬೇಕು. ಮೊದಲು ಸರಿಯಿದ್ದು ಈಗ ಒಂದೆರಡು ತಂತಿಯಲ್ಲಿ ಮಾತ್ರ ತಪ್ಪುತ್ತಿದ್ದರೆ, ಟ್ಯೂನರಿನ ಮುಳ್ಳು ಒಂದೆಡೆ ನಿಲ್ಲದೆ ಓಲಾಡುತ್ತಿದ್ದರೆ, ತಂತಿ ಹಳೆಯದಾಯಿತು ಅಂತಲೇ. ಇದನ್ನು ನೋಡದೆ ಬ್ರಿಡ್ಜ್‌ನ ಸ್ಯಾಡಲ್ (ತಂತಿ ಹಾದು ಕೂರುವ ಸಣ್ಣ ತುಂಡು) ತಿರುಗಿಸಲು ಹೋಗಬೇಡಿ. ಸತ್ತ ತಂತಿಗೆ ಹೊಂದಿಸಿದ ಸ್ಯಾಡಲ್ ಹೊಸ ತಂತಿ ಹಾಕಿದ ದಿನ ಮತ್ತೆ ತಪ್ಪುತ್ತದೆ. ನಾಲ್ಕೂ ತಂತಿಯಲ್ಲಿ ಒತ್ತಿದ ಸ್ವರ ಮೇಲಕ್ಕೇ ಹೋಗುತ್ತಿದ್ದರೆ ಅದು ಬೇರೆ ಕಥೆ. ತಂತಿ ಫ್ರೆಟ್ಟಿನಿಂದ ತುಂಬಾ ಎತ್ತರದಲ್ಲಿರಬಹುದು, ಇಲ್ಲವೇ ಸ್ಯಾಡಲ್ ಹಿಂದೆ ಸರಿಯಬೇಕಾಗಿರಬಹುದು.

ಇಷ್ಟಾದ ಮೇಲೂ ಅನುಮಾನ ಇದ್ದರೆ ಹೊಸ ಸೆಟ್ಟಿನಿಂದ ಎ ತಂತಿ ಒಂದನ್ನೇ ತೆಗೆದು ಹಾಕಿ, ಪಕ್ಕದ ಡಿ ಜೊತೆ ಹೋಲಿಸಿ. ಅಜಗಜಾಂತರ ಕಂಡರೆ ಉಳಿದ ಮೂರನ್ನೂ ಬದಲಾಯಿಸಿ. ಹೊಸದೂ ಹಳೆಯದರ ಹಾಗೆಯೇ ಮಂಕಾಗಿದ್ದರೆ ತಂತಿಯ ಪ್ಯಾಕೆಟ್ ಮುಚ್ಚಿಟ್ಟು ಮುಂದಿನ ವಿಷಯ ನೋಡಿ.

ರೋಗವೋ, ಸ್ವಭಾವವೋ

ಗಾಂಧಾರದ ಪರೀಕ್ಷೆ ಎಲ್ಲ ತಂತಿಗೂ ಒಂದೇ ಥರ ಹೊಂದುವುದಿಲ್ಲ. ನಿಮ್ಮ ಗಿಟಾರಿನಲ್ಲಿರುವುದು ಯಾವ ಜಾತಿ ಅಂತ ಮೊದಲು ಗೊತ್ತಿರಬೇಕು. ಬೆರಳು ಸವರಿದರೆ ಅರ್ಧ ಉತ್ತರ ಸಿಗುತ್ತದೆ.

ಬೆರಳಿಗೆ ಗೀರುಗೀರಾಗಿ ಸಿಕ್ಕಿ, ಕೈ ಎಳೆದಾಗ ಜರ್ ಅಂದರೆ ರೌಂಡ್‌ವೌಂಡ್. ದುಂಡನೆ ಸರಿಗೆ ಸುತ್ತಿದ್ದು. ಇದರಲ್ಲಿ ಸ್ಟೇನ್‌ಲೆಸ್ ಸ್ಟೀಲಿನದ್ದು ಎಲ್ಲಕ್ಕಿಂತ ಹೊಳಪು, ಎಲ್ಲಕ್ಕಿಂತ ಒರಟು. ಸ್ಲ್ಯಾಪ್ ಮಾಡುವವರಿಗೆ, ಅಂದರೆ ಹೆಬ್ಬೆರಳಿಂದ ತಂತಿಗೆ ಬಡಿದು ನುಡಿಸುವವರಿಗೆ, ಇದು ಪ್ರಾಣ. ಫ್ರೆಟ್ಟನ್ನು ಸವೆಸುವುದೂ ಇದೇ ಜಾಸ್ತಿ. ತುಕ್ಕು ಬೇಗ ಹಿಡಿಯುವುದಿಲ್ಲ ನಿಜ, ಆದರೆ ಸಂದಿಗೆ ಕೊಳೆ ಕೂರುವುದನ್ನು ಯಾವ ಲೋಹವೂ ತಡೆಯುವುದಿಲ್ಲ. ನಿಕಲ್ ಲೇಪದ ಉಕ್ಕಿನದ್ದು ಸ್ವಲ್ಪ ಮೃದು. ಅಂಗಡಿಯಿಂದ ತಂದ ಹೊಸ ಗಿಟಾರಿನಲ್ಲಿ ಹೆಚ್ಚಾಗಿ ಇರುವುದು ಇದೇ. ಅಪ್ಪಟ ನಿಕಲ್ ಸುತ್ತಿನದ್ದು ಇನ್ನೂ ಮೆತ್ತಗೆ, ಹೊಸದರಲ್ಲೇ ಸ್ವಲ್ಪ ಬಳಸಿದ ಹಾಗೆ ಕೇಳುತ್ತದೆ. ಸ್ಟೀಲಿನಿಂದ ನೇರ ಇದಕ್ಕೆ ಬಂದವರು "ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ" ಅಂತ ಅಂಗಡಿಗೆ ವಾಪಸ್ ಹೋಗಿದ್ದನ್ನು ನಾನೇ ನೋಡಿದ್ದೇನೆ. ಮಾಲಿನಲ್ಲಿ ಮೋಸ ಇರಲಿಲ್ಲ.

ಬೆರಳು ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಫ್ಲ್ಯಾಟ್‌ವೌಂಡ್. ಚಪ್ಪಟೆ ಪಟ್ಟಿ ಸುತ್ತಿದ್ದು. ಸಂದಿಯೇ ಇಲ್ಲದಷ್ಟು ನುಣುಪು. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದಾಗ ಅದಕ್ಕೆ ಹಾಕುತ್ತಿದ್ದದ್ದು ಚಪ್ಪಟೆ ಸುತ್ತಿನ ತಂತಿಯೇ. ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್‌ವೌಂಡ್ ಮೇಲೆ. ತಂತಿ ತುಂಡಾಗದ ಹೊರತು ಅವರು ಬದಲಾಯಿಸುತ್ತಿರಲಿಲ್ಲ ಅನ್ನುವುದು ಬೇಸ್ ನುಡಿಸುವವರಿಗೆಲ್ಲ ಗೊತ್ತಿರುವ ಮಾತು. ಆ ಹಳೆಯ ತಂತಿಯ ದುಂಡನೆ, ಗಟ್ಟಿ, ಚುಟುಕು ನಾದವೇ ಆ ಕಾಲದ ಹಾಡುಗಳ ಅಡಿಪಾಯ. ಆಮೇಲೆ 1966ರಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ, ದಿ ಹೂ ಅನ್ನುವ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಜೊತೆ ಸೇರಿ ಬೇಸ್‌ಗೆ ರೌಂಡ್‌ವೌಂಡ್ ತಂತಿ ರೂಪಿಸಿತು. ಪಿಯಾನೋದ ಕೆಳಗಿನ ಮನೆಗಳ ಹಾಗೆ ಖಣಖಣ ಅನ್ನುವ ಬೇಸ್ ರಾಕ್ ಸಂಗೀತದಲ್ಲಿ ಬೇರೂರಿದ್ದು ಆಮೇಲೆಯೇ. ನಾವು ಈಗ "ಬೇಸ್ ಸದ್ದು" ಅಂದುಕೊಂಡಿರುವುದರಲ್ಲಿ ಹೆಚ್ಚಿನದ್ದು ಈ ಎರಡನೆಯ ಥರದ್ದು. ಅದಕ್ಕೇ ಫ್ಲ್ಯಾಟ್‌ವೌಂಡ್ ಹಾಕಿದವರಿಗೆ ಮೊದಲ ದಿನವೇ "ತಂತಿ ಸತ್ತಿದೆ" ಅನ್ನಿಸುವುದು.

ಸತ್ತ ರೌಂಡ್‌ವೌಂಡ್ ಬೇರೆ, ಜೀವಂತ ಫ್ಲ್ಯಾಟ್‌ವೌಂಡ್ ಬೇರೆ. ಎರಡರಲ್ಲೂ ಮೇಲಿನ ಸ್ವರ ಕಡಿಮೆ. ಆದರೆ ಫ್ಲ್ಯಾಟ್‌ವೌಂಡಿನಲ್ಲಿ ಮೂಲ ಸ್ವರ ದಪ್ಪಗೆ, ಶ್ರುತಿಗೆ ಸರಿಯಾಗಿ ನಿಲ್ಲುತ್ತದೆ. ಟ್ಯೂನರಿನ ಮುಳ್ಳು ಅಲುಗುವುದಿಲ್ಲ. ಹನ್ನೆರಡನೇ ಫ್ರೆಟ್ಟೂ ಹೊಂದುತ್ತದೆ. ಸತ್ತ ರೌಂಡ್‌ವೌಂಡಿನಲ್ಲಿ ಮೂಲ ಸ್ವರವೇ ಅಸ್ಪಷ್ಟ. ಹಾಗಾಗಿ "ಹಳೆ ರೌಂಡ್‌ವೌಂಡ್ ಇದ್ದರೆ ಸಾಕು, ಫ್ಲ್ಯಾಟ್‌ವೌಂಡ್ ಯಾಕೆ" ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಗಾಂಧಾರ ಕ್ಷೀಣವಾಗಿದ್ದರೂ ಶ್ರುತಿ ನಿಂತರೆ ಆ ತಂತಿ ಆರೋಗ್ಯವಾಗಿದೆ. ಬಿಟ್ಟುಬಿಡಿ.

ಇವೆರಡರ ನಡುವೆ ಹಾಫ್‌ರೌಂಡ್ ಇದೆ. ದುಂಡು ಸುತ್ತನ್ನು ಮೇಲಿಂದ ಸಾಣೆ ಹಿಡಿದು ನುಣುಪು ಮಾಡಿದ್ದು. ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ) ಬೇಸ್ ನುಡಿಸುವವರಿಗೆ ಉಪಯೋಗ, ಮರ ಕಡಿಮೆ ಸವೆಯುತ್ತದೆ.

ಕಪ್ಪು ನೈಲಾನ್ ಪಟ್ಟಿ ಸುತ್ತಿದ ಟೇಪ್‌ವೌಂಡ್ ಇನ್ನೊಂದು ಜಾತಿ. ನೋಡಲು ದಪ್ಪ, ಬೆರಳಿಗೆ ರೇಷ್ಮೆಯ ಹಾಗೆ. ನಿಂತು ನುಡಿಸುವ ದೊಡ್ಡ ಡಬಲ್ ಬೇಸಿನ ನೆನಪು ಬರುತ್ತದೆ. ಒಳಗೆ ಉಕ್ಕೇ ಇರುವುದರಿಂದ ಸಾಮಾನ್ಯ ಪಿಕಪ್‌ಗೂ ಸದ್ದು ಸಿಗುತ್ತದೆ. ಇದರಲ್ಲಿ ಒಂದು ವಿಚಿತ್ರ ದೂರು ಬರುತ್ತದೆ: "ತಂತಿ ಹಾಕಿದ ಮೇಲೆ ಆಂಪ್ ಗುಂಯ್ ಅನ್ನುತ್ತಿದೆ." ಮಾಮೂಲಿ ತಂತಿ ಮುಟ್ಟಿದರೆ ಆ ಗುಂಯ್ ಕಡಿಮೆಯಾಗುವುದು ಬ್ರಿಡ್ಜ್ ಮೂಲಕ ತಂತಿಗೆ ಅರ್ತ್ ಇರುವುದರಿಂದ. ನೈಲಾನ್ ಮೇಲೆ ಕೈಯಿಟ್ಟರೆ ಲೋಹ ಮುಟ್ಟಿದ ಹಾಗಾಗುವುದಿಲ್ಲ. ಗುಂಯ್ ಮೊದಲೂ ಇತ್ತು, ನಿಮ್ಮ ಕೈ ಅದನ್ನು ಅಡಗಿಸುತ್ತಿತ್ತು ಅಷ್ಟೇ. ಒಳಗಿನ ಶೀಲ್ಡಿಂಗ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಸರಿಮಾಡಿಸಿದರೆ ಕಡಿಮೆಯಾಗುತ್ತದೆ.

ಎಲಿಕ್ಸರ್ ಥರದ ಕೋಟೆಡ್ ತಂತಿಗಳಲ್ಲಿ ಸುತ್ತಿನ ಮೇಲೆ ತೆಳ್ಳನೆ ಪಾಲಿಮರ್ ಪೊರೆ ಇರುತ್ತದೆ. ಕೊಳೆ ಸಂದಿಗೆ ಇಳಿಯುವುದಿಲ್ಲ. ಬೆವರು ಜಾಸ್ತಿ ಇರುವವರಿಗೆ, ಕರಾವಳಿಯಲ್ಲಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬೆಲೆ ಜಾಸ್ತಿ, ಆದರೆ ಬಾಳಿಕೆಯೂ ಅಷ್ಟೇ ಜಾಸ್ತಿ. ಸ್ವಲ್ಪ ತಿಂಗಳಾದ ಮೇಲೆ ಮೀಟುವ ಜಾಗದಲ್ಲಿ ಪೊರೆ ಎದ್ದು ನೂಲು ನೂಲಾಗಿ ಕಾಣುತ್ತದೆ. ಅದನ್ನು ನೋಡಿ ಹೆದರಬೇಡಿ, ಕಿವಿಯಿಂದ ತೀರ್ಮಾನಿಸಿ. ನೂಲು ಎದ್ದ ತಂತಿಯಲ್ಲೂ ಗಾಂಧಾರ ಇನ್ನೂ ಇರಬಹುದು.

ಬಾಳಿಕೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಕೈಗೆ, ದಿನಾ ಒಂದು ಗಂಟೆ ನುಡಿಸಿದರೆ, ರೌಂಡ್‌ವೌಂಡಿನ ಖಣಖಣ ಮೂರು ವಾರಕ್ಕೆ ಇಳಿಯುತ್ತದೆ, ಕೆಲಸಕ್ಕೆ ಬರುವ ಸದ್ದು ನಾಲ್ಕೈದು ತಿಂಗಳು ಇರುತ್ತದೆ. ಕೋಟೆಡ್ ಹಾಕಿದಾಗ ಒಂದು ವರ್ಷ ಸಲೀಸು. ಒಂದು ಫ್ಲ್ಯಾಟ್‌ವೌಂಡ್ ಸೆಟ್ ಆರನೇ ವರ್ಷದಲ್ಲಿದೆ, ಬಿಚ್ಚುವ ಯೋಚನೆಯೇ ಇಲ್ಲ. ಇದು ನನ್ನ ಬೆವರಿನ ಲೆಕ್ಕ. ನನ್ನ ಹತ್ತಿರ ಕಲಿಯಲು ಬರುವ ಒಬ್ಬಳಿಗೆ ಮಾಮೂಲಿ ನಿಕಲ್ ತಂತಿ ಹತ್ತೇ ದಿನದಲ್ಲಿ ಕಪ್ಪಾಗುತ್ತದೆ. ಅವಳ ತಪ್ಪೇನೂ ಇಲ್ಲ, ಕೆಲವರ ಬೆವರೇ ಹಾಗೆ.

ಹೊಸ ತಂತಿಯೇ ಮಂಕಾಗಿದ್ದರೆ

ಹಾಕುವಾಗ ಆದ ತಪ್ಪು ಇರಬಹುದು. ಇದನ್ನು ಯಾರೂ ನೋಡುವುದಿಲ್ಲ. ತಂತಿ ಹಾಕುವಾಗ ಅದು ತಿರುಚಿಕೊಂಡಿದ್ದರೆ ಮೀಟಿದಾಗ ಅಡ್ಡಾದಿಡ್ಡಿ ಕುಣಿಯುತ್ತದೆ. ಸ್ವರ ವೊಂವೊಂ ಅನ್ನುತ್ತದೆ. ಸಡಿಲ ಮಾಡಿ, ಶ್ರುತಿ ಮಾಡಲು ತಿರುಗಿಸುವ ಕೀಯಿಂದ ತುದಿ ಹೊರಗೆ ತೆಗೆಯಿರಿ. ತಂತಿ ತಾನಾಗಿ ಬಿಚ್ಚಿಕೊಂಡು ನೇರವಾಗಲಿ. ಆಮೇಲೆ ಮತ್ತೆ ಸುತ್ತಿ.

ಕತ್ತರಿಸುವುದರಲ್ಲೂ ಎಚ್ಚರ ಬೇಕು. ಕೀಯಿಂದ ಸುಮಾರು 12 ಸೆಂಟಿಮೀಟರ್ ಆಚೆಗೆ ಬಿಟ್ಟು, ಆ ಜಾಗದಲ್ಲಿ ತಂತಿಯನ್ನು ಪೂರ್ತಿ ಮಡಚಿ, ಮಡಚಿದ ಮೇಲೆಯೇ ಕತ್ತರಿಸಿ. ನಡುತಂತಿ ಷಟ್ಕೋನದ್ದಾದರೆ ಅದರ ಮೂಲೆಗಳು ಸುತ್ತನ್ನು ಹಿಡಿದುಕೊಳ್ಳುತ್ತವೆ. ದುಂಡನೆಯದ್ದಾದರೆ ಹಿಡಿತ ಕಡಿಮೆ. ಮಡಚದೆ ಕತ್ತರಿಸಿದರೆ ಸುತ್ತು ಒಳಗಿಂದ ಜಾರುತ್ತದೆ, ಹೊಸ ತಂತಿ ಅಲ್ಲೇ ಹಾಳು.

ತಂತಿ ಸ್ಯಾಡಲ್ ಮೇಲೆ ಹತ್ತಿ ಇಳಿಯುವ ಕಡೆ ಕಮಾನಿನ ಹಾಗೆ ಬಾಗಿ ನಿಂತಿದ್ದರೆ ಸ್ವರ ಮಸುಕು. ಶ್ರುತಿ ಕೂಡಿಸಿದ ಮೇಲೆ ಸ್ಯಾಡಲಿನ ಮುಂದೆ ಬೆರಳಿಂದ ಮೆಲ್ಲ ಕೆಳಗೆ ಒತ್ತಿ. ನಟ್ ಹತ್ತಿರವೂ ಹಾಗೆಯೇ. ತಂತಿ ಅಂಚಿಗೆ ಸರಿಯಾಗಿ ಕೂರುತ್ತದೆ. ಎರಡು ನಿಮಿಷದ ಕೆಲಸ, ಎಷ್ಟೋ ಸಲ ಇಷ್ಟರಿಂದಲೇ ಸದ್ದು ತೆರೆದುಕೊಂಡಿದ್ದನ್ನು ನೋಡಿದ್ದೇನೆ. ಫ್ಲ್ಯಾಟ್‌ವೌಂಡಿನ ತುದಿಯಲ್ಲಿ ಬಣ್ಣದ ನೂಲು ಸುತ್ತಿರುತ್ತದೆ. ಆ ನೂಲು ಸ್ಯಾಡಲ್ ಮೇಲೋ ನಟ್ ಮೇಲೋ ಬಂದು ಕೂತರೆ ಬಟ್ಟೆ ಮುಚ್ಚಿ ನುಡಿಸಿದ ಹಾಗೆ ಆಗುತ್ತದೆ. ಹಾಗಿದ್ದರೆ ನಿಮ್ಮ ಗಿಟಾರಿಗೆ ಆ ತಂತಿಯ ಉದ್ದ ಹೊಂದುತ್ತಿಲ್ಲ. ಮಾಮೂಲಿ ಬೇಸ್‌ನ ಸ್ಕೇಲ್, ಅಂದರೆ ನಟ್‌ನಿಂದ ಸ್ಯಾಡಲ್‌ವರೆಗಿನ ಉದ್ದ, 34 ಇಂಚು. ಪುಟ್ಟ ಬೇಸ್ ಇದ್ದರೆ ಶಾರ್ಟ್ ಸ್ಕೇಲ್ ಅಂತ ಹೇಳಿ ಕೇಳಿ ತನ್ನಿ.

ಫ್ರೆಟ್ ಒತ್ತದೆ ಮೀಟಿದ ಎ ತಂತಿ ಒಂದೇ ಜುಂಯ್ ಅನ್ನುತ್ತಿದ್ದರೆ? ಫೆಂಡರ್ ಮಾದರಿಯ ತಲೆಯಲ್ಲಿ ಡಿ ಮತ್ತು ಜಿ ತಂತಿಗಳನ್ನು ಕೆಳಗೆ ಹಿಡಿಯಲು ಒಂದು ಗುಂಡಿ ಇರುತ್ತದೆ. ಎ ತಂತಿಗೆ ಅದು ಇಲ್ಲ. ಕೀಗೆ ಸುತ್ತುವಾಗ ಸುತ್ತುಗಳು ಮೇಲಿಂದ ಕೆಳಕ್ಕೆ ಇಳಿಯಬೇಕು, ಕನಿಷ್ಠ ಮೂರಾದರೂ ಬೇಕು. ಆಗ ತಂತಿ ನಟ್ ಮೇಲೆ ಒತ್ತಿ ಕೂರುತ್ತದೆ. ಒಂದೇ ಸುತ್ತಿದ್ದರೆ ನಟ್‌ನಲ್ಲಿ ಸಡಿಲ ಕೂತು ಅದುರುತ್ತದೆ. ತಂಬೂರಿಯಲ್ಲಿ ತಂತಿಯ ಕೆಳಗೆ ನೂಲಿಟ್ಟು ಬೇಕಂತಲೇ ಈ ಝೇಂಕಾರ ತರಿಸುತ್ತಾರೆ. ಬೇಸ್‌ಗೆ ಅದು ಬೇಡ.

ತಂತಿ ಬದಲಾದರೆ ನೆಕ್ ಕೂಡ ಬದಲಾಗುತ್ತದೆ

ತೆಳು ತಂತಿ ತೆಗೆದು ದಪ್ಪ ಫ್ಲ್ಯಾಟ್‌ವೌಂಡ್ ಹಾಕಿದಿರಿ ಅಂದುಕೊಳ್ಳಿ. ಎಳೆತ ಜಾಸ್ತಿ. ಒಂದೆರಡು ದಿನದಲ್ಲಿ ನೆಕ್ ಮುಂದಕ್ಕೆ ಬಾಗುತ್ತದೆ. ತಂತಿ ಎತ್ತರವಾಗುತ್ತದೆ, ಒತ್ತಲು ಕಷ್ಟ, ಒತ್ತಿದ ಸ್ವರ ಮೇಲಕ್ಕೆ ಹೋಗುತ್ತದೆ. ದಪ್ಪದಿಂದ ತೆಳುವಿಗೆ ಬಂದರೆ ಉಲ್ಟಾ: ನೆಕ್ ಹಿಂದೆ ಸರಿದು ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಜುಂಯ್ ಶುರುವಾಗುತ್ತದೆ. ಎರಡಕ್ಕೂ ಜನ ಬೈಯುವುದು ತಂತಿಯನ್ನೇ.

ನೋಡುವ ಬಗೆ ಸುಲಭ. ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಸುಮಾರು 0.3 ಮಿಲಿಮೀಟರ್, ಜಾಗ ಇರಬೇಕು. ಜಾಗವೇ ಇಲ್ಲದಿದ್ದರೆ ನೆಕ್ ಹಿಂದೆ ಬಾಗಿದೆ. ತುಂಬಾ ಇದ್ದರೆ ಮುಂದೆ. ನೆಕ್ ಒಳಗೆ ಅದರ ಬಾಗು ಸರಿಮಾಡಲು ಇರುವ ಸರಳು, ಟ್ರಸ್ ರಾಡ್. ಅದನ್ನು ಬಲಕ್ಕೆ ತಿರುಗಿಸಿದರೆ ಬಿಗಿಯಾಗಿ ಜಾಗ ಕಡಿಮೆಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಜಾಗ ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಸರಿಯಾದ ಅಳತೆಯ ಆಲನ್ ಕೀ ಇಲ್ಲದಿದ್ದರೆ ಕೈ ಹಾಕಲೇಬೇಡಿ. ರಾಡಿನ ಬಾಯಿ ಸವೆದರೆ ದೊಡ್ಡ ರಿಪೇರಿ. ಗಟ್ಟಿ ಅನ್ನಿಸಿದರೆ ಬಲ ಹಾಕದೆ ಗೊತ್ತಿರುವವರ ಹತ್ತಿರ ಒಯ್ಯಿರಿ.

ನೆಕ್ ಸರಿಯಿದ್ದೂ ಹನ್ನೆರಡನೇ ಫ್ರೆಟ್ಟಿನ ಆಚೆ ಮಾತ್ರ ಜುಂಯ್ ಅಂದರೆ ಸ್ಯಾಡಲ್ ತಗ್ಗಿದೆ. ಹದಿನೇಳನೇ ಫ್ರೆಟ್ಟಿನ ಮೇಲೆ ತಂತಿ 2ರಿಂದ 2.5 ಮಿಲಿಮೀಟರ್ ಎತ್ತರ ಇದ್ದರೆ ಹೆಚ್ಚಿನವರ ಕೈಗೆ ಹೊಂದುತ್ತದೆ. ಒಂದೇ ಒಂದು ಫ್ರೆಟ್ಟಿನಲ್ಲಿ ಜುಂಯ್ ಅಂದರೆ ಅದರ ಮುಂದಿನ ಫ್ರೆಟ್ ಎದ್ದು ನಿಂತಿರುತ್ತದೆ. ಇನ್ನೊಂದು ಕಡೆ ಮೋಸ ಹೋಗುವುದು ನಟ್‌ನಲ್ಲಿ. ದಪ್ಪ ತಂತಿ ಹಳೆಯ ಕಚ್ಚಿನೊಳಗೆ ಪೂರ್ತಿ ಇಳಿಯದೆ ಮೇಲೆಯೇ ಕೂರುತ್ತದೆ. ಆಗ ಹನ್ನೆರಡನೇ ಫ್ರೆಟ್ ಸರಿಯಿದ್ದರೂ ಮೊದಲ ಫ್ರೆಟ್ಟಿನ ಸ್ವರ ಮೇಲಕ್ಕೆ ಹೋಗುತ್ತದೆ. ಟೇಪ್‌ವೌಂಡ್ ಹಾಕಿದವರು ಇದನ್ನು ಖಂಡಿತ ನೋಡಿ.

ಒಂದೇ ಸ್ವರ ಸಾಯುತ್ತಿದ್ದರೆ

ಮೂರು ಸೆಟ್ ಬದಲಾಯಿಸಿದವರ ತೊಂದರೆ ಇದು. ಜಿ ತಂತಿಯ ಐದನೇ ಫ್ರೆಟ್ಟಿನ ಸಿ ಸ್ವರ ಟುಪ್ ಅಂದು ಆರುತ್ತಿತ್ತು. ಅದೇ ಸಿ ಸ್ವರ ಡಿ ತಂತಿಯ ಹತ್ತನೇ ಫ್ರೆಟ್ಟಿನಲ್ಲಿ ಚೆನ್ನಾಗಿ ನಿಲ್ಲುತ್ತಿತ್ತು. ಜಿ ತಂತಿಯ ಬೇರೆ ಫ್ರೆಟ್‌ಗಳೂ ಸರಿಯಾಗಿಯೇ ಇದ್ದವು.

ಇದಕ್ಕೆ ಡೆಡ್ ಸ್ಪಾಟ್ ಅನ್ನುತ್ತಾರೆ. ನೆಕ್ ಕೂಡ ಒಂದು ಮರದ ಪಟ್ಟಿ, ಅದಕ್ಕೂ ತನ್ನದೇ ಕಂಪನ ಇದೆ. ತಂತಿಯ ಸ್ವರ ಆ ಕಂಪನಕ್ಕೆ ಕೂಡಿದಾಗ ತಂತಿಯ ಶಕ್ತಿಯನ್ನು ನೆಕ್ ಹೀರಿಕೊಳ್ಳುತ್ತದೆ. ಬೋಲ್ಟ್ ಹಾಕಿ ಕೂರಿಸಿದ ನೆಕ್ ಇರುವ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಒಳಗೆ ಇದು ಸಾಮಾನ್ಯ. ಒಳ್ಳೆ ಬೆಲೆಬಾಳುವ ಗಿಟಾರಿನಲ್ಲೂ ಇರುತ್ತದೆ. ಖಚಿತ ಮಾಡಿಕೊಳ್ಳಲು ಯಾರಾದರೂ ಗಿಟಾರಿನ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ, ನೀವು ಅದೇ ಸ್ವರ ಮೀಟಿ. ಸ್ವರ ನಿಂತರೆ ಅದು ನೆಕ್‌ನ ಗುಣವೇ. ತಲೆಗೆ ಒಂದು ಸಣ್ಣ ಭಾರ ಕ್ಲ್ಯಾಂಪ್ ಮಾಡಿದರೆ ಆ ಜಾಗ ಸರಿಯುತ್ತದೆ, ಹೆಚ್ಚು ಬಳಸದ ಸ್ವರದ ಕಡೆಗೆ ಅದನ್ನು ತಳ್ಳಬಹುದು. ನಾವು ಬಡಗಿ ಕ್ಲ್ಯಾಂಪ್ ಒಂದಕ್ಕೆ ಬಟ್ಟೆ ಸುತ್ತಿ ಹಾಕಿ ನೋಡಿದೆವು. ಸಿ ಬದುಕಿತು. ಅವರ ಮುಖ ನೋಡಬೇಕಿತ್ತು.

ಕರೆಂಟಿನ ಕಡೆ

ಇಲ್ಲಿ ಜಾಸ್ತಿ ಹೊತ್ತು ಬೇಡ. ಸದ್ದಿನ ಹೊಳಪು ಹೆಚ್ಚು ಕಡಿಮೆ ಮಾಡುವ ಟೋನ್ ಕೀ ತಿಳಿಯದೆ ಕೆಳಗೆ ತಿರುಗಿರುತ್ತದೆ, ಮೊದಲು ಅದನ್ನು ನೋಡಿ. ಆಕ್ಟಿವ್ ಬೇಸ್ (ತನ್ನೊಳಗೇ ಸಣ್ಣ ಆಂಪ್ ಇರುವುದು) ಆದರೆ ಒಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಇಳಿದಾಗ ಸದ್ದು ಸೊರಗಿ ಒಡೆಯುತ್ತದೆ. ಕೇಬಲ್ ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನುಡಿಸಿದ ಮೇಲೆ ತೆಗೆದಿಡಿ. ಆಂಪ್ ಇಲ್ಲದೆ ತಂತಿ ಚೆನ್ನಾಗಿ ಕೇಳಿ, ಆಂಪ್‌ನಲ್ಲಿ ಮಾತ್ರ ಮಂಕಾದರೆ ಬೇರೆ ಕೇಬಲ್ ಹಾಕಿ ನೋಡಿ. ಪಿಕಪ್ ತಂತಿಗೆ ತುಂಬಾ ಹತ್ತಿರ ಇದ್ದರೆ ಅದರ ಅಯಸ್ಕಾಂತ ತಂತಿಯನ್ನು ಎಳೆದು, ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲೆಯುವಂತೆ ಮಾಡುತ್ತದೆ. ಸ್ಕ್ರೂ ತಿರುಗಿಸಿ ಸ್ವಲ್ಪ ಇಳಿಸಿದರೆ ಸಾಕು.

ತೊಳೆದರೆ ಬರುತ್ತದಾ?

ರೌಂಡ್‌ವೌಂಡ್ ಆದರೆ ಬರುತ್ತದೆ, ಸ್ವಲ್ಪ ದಿನಕ್ಕೆ. ನೀರಿನಲ್ಲಿ ಕುದಿಸುವುದು ಹಳೆಯ ಪದ್ಧತಿ. ಕೊಳೆ ಬಿಡುತ್ತದೆ, ಆದರೆ ಸಂದಿಯಲ್ಲಿ ನೀರು ಉಳಿದರೆ ತುಕ್ಕು ಶುರು. ಅದಕ್ಕಿಂತ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಂದು ರಾತ್ರಿ ನೆನೆಸಿಡುವುದು ಉತ್ತಮ. ಎರಡೂ ಕಡೆ ಮುಚ್ಚಳ ಇರುವ ಪಿವಿಸಿ ಪೈಪ್ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ಬೇಗ ಬೆಂಕಿ ಹಿಡಿಯುವ ದ್ರವ ಅದು. ಅಡುಗೆಮನೆಯಿಂದ ದೂರ, ಕಿಟಕಿ ತೆರೆದು ಮಾಡಿ. ಗಿಟಾರಿನ ಪಾಲಿಶ್ ಮೇಲೆ ಒಂದು ಹನಿಯೂ ಬೀಳಬಾರದು. ಕೋಟೆಡ್, ಟೇಪ್‌ವೌಂಡ್, ನೂಲು ಸುತ್ತಿದ ಫ್ಲ್ಯಾಟ್‌ವೌಂಡ್ ಇವನ್ನು ಹೀಗೆ ನೆನೆಸಬೇಡಿ. ತಗ್ಗು ಬಿದ್ದ ತಂತಿಗೆ ಈ ಸೇವೆ ದಂಡ. ತುಕ್ಕಿಗೆ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ. ಎಣ್ಣೆ ಧೂಳನ್ನೆಲ್ಲ ಸಂದಿಗೆ ಎಳೆದುಕೊಳ್ಳುತ್ತದೆ.

ನಿಜವಾಗಿ ಆಯಸ್ಸು ಹೆಚ್ಚಿಸುವುದು ಕೈ ತೊಳೆದು ನುಡಿಸುವುದು, ನುಡಿಸಿದ ಮೇಲೆ ಒರೆಸುವುದು. ಹಳೆ ಪಂಚೆಯ ತುಂಡು ಸಾಕು. ಬರೀ ಮೇಲಲ್ಲ, ತಂತಿಯ ಅಡಿಯಲ್ಲೂ ಬಟ್ಟೆ ತೂರಿಸಿ ಒರೆಸಿ.

ಆ ಹುಡುಗನಿಗೆ ನಿಕಲ್ ಲೇಪದ ರೌಂಡ್‌ವೌಂಡ್, 45ರಿಂದ 105ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಹಾಕಿಕೊಟ್ಟೆ. ಪಿಕಪ್ ಮುಟ್ಟಲಿಲ್ಲ. ಕೇಸಿನ ಮುಚ್ಚಳದ ಒಳಗೆ ಪಟ್ಟಿ ಅಂಟಿಸಿ ತಾರೀಕು ಬರೆದೆ. ಬಿಚ್ಚಿದ ನಾಲ್ಕು ತಂತಿಯಲ್ಲಿ ಜಿ ಒಂದು ಪರವಾಗಿಲ್ಲ ಅನ್ನುವ ಹಾಗಿತ್ತು. ಸ್ಟೇಜ್ ಮೇಲೆ ಹರಿದರೆ ಇರಲಿ ಅಂತ ಅದನ್ನು ಒರೆಸಿ ಸುತ್ತಿ ಕೇಸಿನಲ್ಲಿಟ್ಟೆವು. ನವರಾತ್ರಿ ಮುಗಿದ ಮೇಲೆ ಮತ್ತೆ ಬಂದಿದ್ದ. ಬೀರುವಿಗೆ ತಾಗಿಸಿ ನೋಡಿದೆವು. ಇ ಮತ್ತು ಎ ಎರಡರಲ್ಲೂ ಗಾಂಧಾರ ಇನ್ನೂ ಇತ್ತು, ಡಿ ತಂತಿಯಲ್ಲಿ ಸ್ವಲ್ಪ ಇಳಿದಿತ್ತು. ದೀಪಾವಳಿಯ ಕಾರ್ಯಕ್ರಮಗಳಿಗೆ ಧಾರಾಳ ಸಾಕು ಅಂದೆ.